ಕಸಿಗೆ ಮುಂಚಿನ ತಾಲೀಮು

(ಮಾಡಗ್ಯಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನದ ಮೇಲೋ ಶರಣರ ಬದುಕಿನ ಮೇಲೋ ಇರಬೇಕೆಂಬುದು ನಮ್ಮ ಕಡೆಯ ರೂಢಿ. ನಾನು ಫಿಜಿಯೋಥೆರಪಿಯವಳು, ಲಿವರ್ ಕಸಿಗೆ ಕಾದಿರುವ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವವಳು. ಅದನ್ನು ಬಿಟ್ಟು ಬೇರೆ ಮಾತಾಡಲು ನನಗೆ ಅಧಿಕಾರವಿಲ್ಲ ಎಂದೆ. ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತ್ರಿ, ಅದನ್ನ ಹೇಳ್ರಿ, ಆದ್ರ ನಮ್ಮವ್ವಗ ತಿಳಿಯೂ ಹಂಗ ಹೇಳ್ರಿ" ಅಂದರು. ಆ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರು ತಲೆ ಅಲ್ಲಾಡಿಸುವವರೆಗೆ ನಾನು ಮುಂದಿನ ಮಾತಿಗೆ ಹೋಗುವುದಿಲ್ಲ.

ವಿಷಯ ಇಷ್ಟೇ. ಲಿವರ್ ಬದಲಿಸಬೇಕು ಎಂದು ಡಾಕ್ಟರು ಹೇಳಿದ ದಿನಕ್ಕೂ ಆಪರೇಶನ್ ಆಗುವ ದಿನಕ್ಕೂ ನಡುವೆ ಒಂದಷ್ಟು ಕಾಲ ಇರುತ್ತದೆ. ಕೆಲವರಿಗೆ ವಾರಗಳು, ಹೆಚ್ಚಿನವರಿಗೆ ತಿಂಗಳುಗಳು. ಆ ಕಾಲದಲ್ಲಿ ರೋಗಿ ಏನು ಮಾಡುತ್ತಿರಬೇಕು? ಮಲಗಿರಬೇಕು ಎಂಬುದು ಮನೆಯವರ ಉತ್ತರ. ನಡೆಯಬೇಕು, ಕೂತು ಏಳಬೇಕು, ತೊಡೆ-ತೋಳಿಗೆ ಕಸುವು ತುಂಬಬೇಕು, ಮಲಗುವ ಮುನ್ನ ಉಣ್ಣಬೇಕು ಎಂಬುದು ನನ್ನ ಉತ್ತರ. ಕಸಿಯಲ್ಲಿ ಸರ್ಜನ್ನರ ಕೈಯಲ್ಲಿರುವುದು ಬಹಳ, ಅರಿವಳಿಕೆಯವರ ಕೈಯಲ್ಲಿರುವುದು ಬಹಳ. ಮನೆಯವರ ಕೈಗೆ ಸಿಗುವುದು ಈ ಕಾಲ. ಅದನ್ನೇ ನಾವು ಹೊರಸಿನ ಮೇಲೆ ಕಳೆಯುತ್ತೇವೆ.

ಈ ಜತ್ತ ತಾಲೂಕಿನವರಿಗೆ ನಡೆಯುವುದನ್ನು ಹೊರಗಿನಿಂದ ಬಂದವರು ಕಲಿಸಬೇಕಾಗಿಲ್ಲ. ಉದ್ದ ಕತ್ತಿನ, ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಯ ಕುರಿಗೆ ನಿಮ್ಮ ಊರಿನದೇ ಹೆಸರು; ಅದರ ಹಿಂದೆ ದಿನವಿಡೀ ಬಂಜರಿನಲ್ಲಿ ಅಲೆಯುವ ಕುರುಬರು ಇಲ್ಲಿಯವರೇ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ವಿಜಯಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರನ್ನು, ಆಷಾಢದಲ್ಲಿ ಪಂಢರಪುರಕ್ಕೆ ಹೊರಡುವವರನ್ನು ನೀವು ಸಣ್ಣಂದಿನಿಂದ ನೋಡಿದ್ದೀರಿ. ಇಂಥ ನೆಲದಲ್ಲಿ ಲಿವರ್ ಕೆಟ್ಟಿದೆ ಎಂಬ ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಕಾಲು ನೆಲ ಬಿಡುತ್ತದೆ. "ಇಂವಗ ಒಂದ್ ತಂಬಿಗಿ ನೀರ ಸುದ್ದಾ ಎತ್ತಾಕ ಬಿಡಂಗಿಲ್ರಿ ಬಾಯಾರ, ಎಲ್ಲಾ ನಾವ ಮಾಡ್ತೀವಿ" ಎಂದು ಹೆಂಡತಿ, ತಂಗಿ, ಸೊಸೆ ಅಭಿಮಾನದಿಂದ ಹೇಳುತ್ತಾರೆ. ಪ್ರೀತಿಯ ಮಾತು, ತಪ್ಪು ಚಿಕಿತ್ಸೆ.

ಇದು ಹಳ್ಳಿಯ ಅಜ್ಞಾನ ಎಂದು ನಗುವ ಪಟ್ಟಣದವರಿಗೆ ಒಂದು ಮಾತು. ಕಾಮಣಿ ಆದವರು ಮಲಗಲೇಬೇಕು ಎಂಬುದು ದೊಡ್ಡ ದೊಡ್ಡ ಆಸ್ಪತ್ರೆಗಳೇ ಹಾಕಿದ ಕಟ್ಟಳೆಯಾಗಿತ್ತು. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಸೋಂಕಿನ ಕಾಮಣಿ ಬಂದು, ಅವರನ್ನು ಜಪಾನಿನ ಕ್ಯೋಟೊದ ಸೇನಾ ಆಸ್ಪತ್ರೆಗೆ ತಂದರು. ಅಲ್ಲಿ ಥಾಮಸ್ ಚಾಮರ್ಸ್ ಎಂಬ ವೈದ್ಯರು ಕೆಲವರನ್ನು ಕಟ್ಟುನಿಟ್ಟಾಗಿ ಮಲಗಿಸಿ, ಕೆಲವರನ್ನು ಓಡಾಡಲು ಬಿಟ್ಟು ಹೋಲಿಸಿ ನೋಡಿದರು. 1955ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಓಡಾಡಿದವರಿಗೆ ಯಾವ ಹಾನಿಯೂ ಆಗಿರಲಿಲ್ಲ. ಮಲಗಿದವರು ಬೇಗ ವಾಸಿಯಾಗಿಯೂ ಇರಲಿಲ್ಲ. ಅದು ನಾಲ್ಕಾರು ವಾರದಲ್ಲಿ ಹೋಗುವ ಕಾಮಣಿ, ಅದೂ ಹರೆಯದ ಹುಡುಗರಲ್ಲಿ. ನಮ್ಮ ರೋಗಿಗಳದ್ದು ವರ್ಷಾನುಗಟ್ಟಲೆ ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ಸಿರೋಸಿಸ್. ಎರಡೂ ಒಂದೇ ಅಲ್ಲ, ನಿಜ. ಆದರೂ ಮಲಗಿಸುವ ಪದ್ಧತಿಗೆ ಗಟ್ಟಿ ಆಧಾರವಿರಲಿಲ್ಲ ಎಂಬುದು ಅಂದೇ ಗೊತ್ತಾಯಿತು. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟರೆ ಕಾಲಿನ ಸ್ನಾಯು ಸುಮಾರು ಒಂದು ಕೆಜಿ ಕರಗುತ್ತದೆ ಎಂದು 2007ರ ಒಂದು ಅಮೆರಿಕನ್ ಅಧ್ಯಯನ ಅಳೆದು ತೋರಿಸಿತು. ಲಿವರ್ ಕೆಟ್ಟವರ ಪಾಡು ಇನ್ನೂ ಕೆಟ್ಟದ್ದು. ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಡೀ ಉಪನ್ಯಾಸದ ಬೇರು ಇಲ್ಲಿದೆ.

ನಾವು ಉಂಡ ರೊಟ್ಟಿಯ ಸಕ್ಕರೆ ಅಂಶವನ್ನು ಲಿವರ್ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ರಾತ್ರಿ ನಾವು ಮಲಗಿರುವಾಗ ಅದನ್ನೇ ಸ್ವಲ್ಪ ಸ್ವಲ್ಪ ಬಿಡುತ್ತಾ ಮಿದುಳನ್ನು ನಡೆಸುತ್ತದೆ. ಸಿರೋಸಿಸ್ ಆದ ಲಿವರಿನಲ್ಲಿ ಹೀಗೆ ಕೂಡಿಡಲು ಜಾಗ ಬಹಳ ಕಡಿಮೆ. ರಾತ್ರಿ ಎಂಟಕ್ಕೆ ಉಂಡು ಮಲಗಿದರೆ ಬೆಳಗಿನ ಹೊತ್ತಿಗೆ ಬೊಕ್ಕಸ ಬರಿದು. ಆಗ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಒಡೆದು ಉರಿಸಿಕೊಳ್ಳುತ್ತದೆ. ಆರೋಗ್ಯವಂತ ಎರಡು ಮೂರು ದಿನ ಉಪವಾಸ ಮಾಡಿದರೆ ಮೈ ಯಾವ ಸ್ಥಿತಿಗೆ ಬರುತ್ತದೋ, ಸಿರೋಸಿಸ್ ರೋಗಿ ಒಂದೇ ರಾತ್ರಿಯಲ್ಲಿ ಆ ಸ್ಥಿತಿಗೆ ಬರುತ್ತಾನೆ. ಇದು 1980ರ ದಶಕದಲ್ಲೇ ಅಳೆದು ಕಂಡ ಸಂಗತಿ.

ಇನ್ನೊಂದು ಅಮೋನಿಯಾದ ಲೆಕ್ಕ. ಕರುಳಿನಿಂದ ಬರುವ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಹಾಕುವುದು ಲಿವರಿನ ಕೆಲಸ. ಲಿವರ್ ಕೈಚೆಲ್ಲಿದಾಗ ಆ ಕೆಲಸದ ದೊಡ್ಡ ಪಾಲು ಸ್ನಾಯುವಿನ ಮೇಲೆ ಬೀಳುತ್ತದೆ. ಸ್ನಾಯು ಅಮೋನಿಯಾವನ್ನು ಹೀರಿ ಗ್ಲುಟಮಿನ್ ಮಾಡುತ್ತದೆ. ಅಂದರೆ ಸ್ನಾಯು ಚೆನ್ನಾಗಿದ್ದಷ್ಟೂ ಮಿದುಳಿಗೆ ಹತ್ತುವ ಅಮೋನಿಯಾ ಕಡಿಮೆ, ಆ ಮಂಪರು, ಆ ತಡವರಿಕೆ, ಹಗಲು-ರಾತ್ರಿ ಅದಲುಬದಲಾಗುವುದು ಕಡಿಮೆ. ಇಲ್ಲೊಂದು ತೊಡಕಿದೆ: ಅದೇ ಅಮೋನಿಯಾ ಸ್ನಾಯುವಿನಲ್ಲಿ ಮಯೋಸ್ಟ್ಯಾಟಿನ್ ಎಂಬ ವಸ್ತುವನ್ನು ಹೆಚ್ಚಿಸುತ್ತದೆ, ಅದು ಸ್ನಾಯು ಬೆಳೆಯದಂತೆ ತಡೆಯುತ್ತದೆ. ಸಹಾಯಕ್ಕೆ ಬಂದವನೇ ಪೆಟ್ಟು ತಿನ್ನುತ್ತಾನೆ. ಅದರ ಮೇಲೆ ನಾವು ಮಲಗಿಸಿದೆವೆಂದರೆ ಉಳಿದ ಸ್ನಾಯುವಿಗೂ ಕೆಲಸವಿಲ್ಲ. ಸಿರೋಸಿಸ್ ರೋಗಿಗಳಲ್ಲಿ ಸ್ನಾಯು ಸವೆದವರ ಪ್ರಮಾಣ ಒಂದೊಂದು ಅಧ್ಯಯನದಲ್ಲಿ ಒಂದೊಂದು ಥರ, ನೂರಕ್ಕೆ 30ರಿಂದ 70ರವರೆಗೆ ಇದೆ.

ಮನೆಯವರಿಗೆ ಇದು ಕಾಣುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದೆ, ಕಾಲು ಬಾತಿದೆ, ತೂಕ ನೋಡಿದರೆ ಹೋದ ತಿಂಗಳಷ್ಟೇ ಇದೆ ಅಥವಾ ಒಂದೆರಡು ಕೆಜಿ ಹೆಚ್ಚೇ ಇದೆ. "ತೂಕ ಕಡಿಮಿ ಆಗಿಲ್ರಿ" ಎಂದು ಸಮಾಧಾನ ಪಡುತ್ತಾರೆ. ಹೊಟ್ಟೆಯ ನೀರನ್ನು ತೂಗಿ ಏನು ಮಾಡುವುದು? ಕಣ್ಣಿನ ಪಕ್ಕದ ಕಣತಲೆ ಗುಳಿ ಬಿದ್ದಿದೆಯೇ, ಭುಜದ ಎಲುಬು ಎದ್ದು ಕಾಣುತ್ತಿದೆಯೇ, ಮೊದಲು ಬಿಗಿಯಾಗಿದ್ದ ಅಂಗಿಯ ತೋಳು ಜೋಲುತ್ತಿದೆಯೇ, ಇವನ್ನು ನೋಡಿ. ಆಸ್ಪತ್ರೆಯಲ್ಲೂ ಇದೇ ಕುರುಡು ಬಹಳ ವರ್ಷ ಇತ್ತು. ರೋಗ ಎಷ್ಟು ಬಲಿತಿದೆ ಎಂದು ಹೇಳುವ ಮೆಲ್ಡ್ ಅಂಕಿಯನ್ನು ಅಮೆರಿಕದಲ್ಲಿ 2002ರಿಂದ ಸರದಿ ನಿರ್ಧರಿಸಲು ಬಳಸುತ್ತಾರೆ. ಬಿಲಿರುಬಿನ್, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ವೇಗ, ಹೀಗೆ ಬಹುಮಟ್ಟಿಗೆ ರಕ್ತದಿಂದ ಬರುವ ಲೆಕ್ಕ. ತೊಡೆಯ ಮಾತು ಅದರಲ್ಲಿಲ್ಲ. ಒಂದೇ ಮೆಲ್ಡ್ ಅಂಕಿಯ ಇಬ್ಬರಲ್ಲಿ ಒಬ್ಬ ಆಪರೇಶನ್ನಿನ ಮೂರನೆಯ ದಿನ ಕುರ್ಚಿಯಲ್ಲಿ ಕೂತಿರುತ್ತಾನೆ, ಇನ್ನೊಬ್ಬನಿಗೆ ಕೆಮ್ಮಿ ಕಫ ಹೊರಹಾಕುವಷ್ಟೂ ಬಲವಿರುವುದಿಲ್ಲ.

ಹಾಗಾಗಿ ಈಗ ಬಲವನ್ನೇ ಅಳೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಜೆನಿಫರ್ ಲೈ ಮತ್ತು ಅವರ ಸಂಗಡಿಗರು 2017ರಲ್ಲಿ ರೂಪಿಸಿದ ಅಳತೆಯಲ್ಲಿ ಮೂರೇ ಪರೀಕ್ಷೆ: ಮುಷ್ಟಿಯ ಹಿಡಿತ ಎಷ್ಟು, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು, ಪಾದಗಳನ್ನು ಮೂರು ಬಗೆಯಲ್ಲಿಟ್ಟು ಹತ್ತು ಹತ್ತು ಸೆಕೆಂಡು ಅಲ್ಲಾಡದೆ ನಿಲ್ಲಬಲ್ಲರೇ. ಲೆಕ್ಕ ಹಾಕಿದ ಅಂಕಿ 4.5 ದಾಟಿದರೆ ರೋಗಿ ಸೊರಗಿದ್ದಾನೆ ಎಂದರ್ಥ. ಇದಕ್ಕಿಂತ ಹಳೆಯದು ಆರು ನಿಮಿಷದ ನಡಿಗೆ. ಮೂವತ್ತು ಮೀಟರ್ ಉದ್ದದ ಪಡಸಾಲೆಯಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ ಎಂಬುದಷ್ಟೆ. ಕಸಿಗೆ ಕಾದಿದ್ದವರಲ್ಲಿ 250 ಮೀಟರ್ ಮುಟ್ಟಲಾಗದವರಿಗೆ ಸಾವಿನ ಅಪಾಯ ಹೆಚ್ಚು ಎಂದು 2010ರ ಒಂದು ಅಧ್ಯಯನದಲ್ಲಿ ಕಂಡಿತು. ಇದಕ್ಕೆ ಸ್ಕ್ಯಾನ್ ಬೇಡ, ರಕ್ತ ಬೇಡ. ಒಂದು ಗಡಿಯಾರ, ಒಂದು ಸುಣ್ಣದ ಗೆರೆ, ಜೊತೆಗೊಬ್ಬ ಮನುಷ್ಯ ಸಾಕು. ನಮ್ಮ ಜಿಲ್ಲಾ ಪರಿಷತ್ ಶಾಲೆಯ ಪಡಸಾಲೆಯಲ್ಲೂ ಆಗುವ ಕೆಲಸ.

ಬಲ ಕಡಿಮೆ ಇರುವವರಿಗೆ ಅಪಾಯ ಹೆಚ್ಚು ಎಂಬುದು ಒಂದು ಮಾತು. ಬಲ ಹೆಚ್ಚಿಸಿದರೆ ಅಪಾಯ ಇಳಿಯುತ್ತದೆ ಎಂಬುದು ಬೇರೆಯೇ ಮಾತು. ಎರಡನ್ನೂ ಬೆರೆಸಿ ಹೇಳುವವರನ್ನು ನಂಬಬೇಡಿ. ಇದುವರೆಗೆ ನಡೆದ ಪ್ರಯೋಗಗಳು ಸಣ್ಣವು. ಕೆನಡಾದ ಎಡ್ಮಂಟನ್‌ನಲ್ಲಿ 2014ರಲ್ಲಿ 19 ಜನರ ಅಧ್ಯಯನ: ಸುಮಾರು ಅರ್ಧ ಜನ ಎಂಟು ವಾರ, ವಾರಕ್ಕೆ ಮೂರು ದಿನ ನಿಂತಲ್ಲೇ ನಿಲ್ಲುವ ಸೈಕಲ್ ತುಳಿದರು. ಅವರ ಉಸಿರಿನ ಕಸುವು ಏರಿತು, ತೊಡೆಯ ಸ್ನಾಯು ದಪ್ಪವಾಯಿತು. ಡೆನ್ಮಾರ್ಕಿನಲ್ಲಿ 12 ವಾರ, ವಾರಕ್ಕೆ ಮೂರು ಸಲ ಭಾರದ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲ ನೂರಕ್ಕೆ 13ರಷ್ಟು ಹೆಚ್ಚಿತು. ಕೆನಡಾದ್ದೇ ಇನ್ನೊಂದು ಕಡೆ, ಒಂಟೇರಿಯೊದ ಲಂಡನ್ ನಗರದಲ್ಲಿ, ಕಸಿಗೆ ಮುಂಚೆ ವ್ಯಾಯಾಮ ಮಾಡಿ ಬಂದವರು ಆಪರೇಶನ್ ಆದ ಮೇಲೆ ಬೇಗ ಮನೆಗೆ ಹೋದರು. ಸಾವು ತಪ್ಪುತ್ತದೆ ಎಂದು ಇನ್ನೂ ಯಾರೂ ಸಾಧಿಸಿ ತೋರಿಸಿಲ್ಲ. ಸ್ನಾಯು ಬರುತ್ತದೆ, ಉಸಿರು ಬರುತ್ತದೆ, ಬೇಗ ಎದ್ದು ಓಡಾಡುತ್ತಾರೆ. ನಾನು ಮಾತು ಕೊಡುವುದೂ ಇಷ್ಟಕ್ಕೇ.

ಸೋತ ಪ್ರಯೋಗದ ಮಾತನ್ನೂ ಹೇಳಬೇಕು, ನನಗೆ ಅದೇ ಹೆಚ್ಚು ಕಲಿಸಿದೆ. ಮೇಲೆ ಹೇಳಿದ ಜೆನಿಫರ್ ಲೈ ಅವರದೇ ತಂಡ ಕಸಿಗೆ ಕಾದಿದ್ದವರ ಕೈಗೆ ವ್ಯಾಯಾಮದ ವಿಡಿಯೊ ಕೊಟ್ಟು, 12 ವಾರ ಮನೆಯಲ್ಲೇ ಮಾಡಿ ಎಂದು ಕಳಿಸಿತು. ಕೊನೆಯವರೆಗೆ ನೇಮದಿಂದ ಮಾಡಿದವರು ನೂರಕ್ಕೆ 14 ಜನ. ಬಲದ ಅಂಕಿಯಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಆ ರೋಗಿಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಮೈಯಲ್ಲಿ ಆಯಾಸ, ರಾತ್ರಿ ಮೀನಖಂಡದಲ್ಲಿ ಸೆಳೆತ, ನೀರುಮಾತ್ರೆ ನುಂಗಿ ಗಳಿಗೆಗೊಮ್ಮೆ ಬಚ್ಚಲಿಗೆ ಓಟ. ಇದರ ನಡುವೆ ಮೊಬೈಲ್ ಪರದೆಯೊಳಗಿನ ಯಾರೋ "ಎದ್ದೇಳಿ" ಎಂದರೆ ಯಾರು ಏಳುತ್ತಾರೆ? ಜೊತೆಗೊಬ್ಬರು ಇರಬೇಕು. ಆ ವಿಷಯದಲ್ಲಿ ಹಳ್ಳಿಗೆ ಪಟ್ಟಣಕ್ಕಿಂತ ಅನುಕೂಲ ಹೆಚ್ಚು. ಕಟ್ಟೆಯ ಮೇಲೆ ಕೂತು ರೋಗಿಯ ಸುದ್ದಿ ಕೇಳುವ ನಾಲ್ಕು ಜನರಲ್ಲಿ ಒಬ್ಬ ದಿನಾ ಸಂಜೆ ಅವನನ್ನು ಹನುಮಂತ ದೇವರ ಗುಡಿತನಕ ನಡೆಸಿಕೊಂಡು ಬಂದರೆ ವಿಡಿಯೊ ಬೇಕಾಗುವುದಿಲ್ಲ.

ಹಾಗಾದರೆ ಡಾಕ್ಟರುಗಳೇ ಬಹಳ ವರ್ಷ ವ್ಯಾಯಾಮ ಬೇಡ ಎಂದದ್ದು ಯಾಕೆ? ಅದಕ್ಕೊಂದು ಗಟ್ಟಿ ಕಾರಣವಿತ್ತು. ಸಿರೋಸಿಸ್ ಆದವರಲ್ಲಿ ಕರುಳಿನಿಂದ ಲಿವರಿಗೆ ಬರುವ ದೊಡ್ಡ ರಕ್ತನಾಳದಲ್ಲಿ ಒತ್ತಡ ಏರಿರುತ್ತದೆ. ಆ ಒತ್ತಡಕ್ಕೆ ಅನ್ನನಾಳದ ಕೊನೆಯ ನಾಳಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಸೈಕಲ್ ತುಳಿಯುವಾಗ ಈ ಒತ್ತಡ ಇನ್ನೂ ಏರುತ್ತದೆ ಎಂದು 1996ರಲ್ಲಿ ಬಾರ್ಸಿಲೋನಾದ ವೈದ್ಯರು ಅಳೆದು ತೋರಿಸಿದರು. ಹೆದರಿಕೆಗೆ ಆಧಾರ ಸಿಕ್ಕಿತು. ಆದರೆ ಅದು ವ್ಯಾಯಾಮ ಮಾಡುತ್ತಿರುವ ಆ ಹೊತ್ತಿನ ಮಾತು. 2016ರಲ್ಲಿ ಮೆಕ್ಸಿಕೊದಲ್ಲಿ 14 ವಾರ ಎದುರಿಗೆ ನಿಂತು ವ್ಯಾಯಾಮ ಮಾಡಿಸಿ ಅಳೆದಾಗ ಒತ್ತಡ ಇಳಿದಿತ್ತು. ಮರುವರ್ಷ ಸ್ಪೇನಿನಲ್ಲಿ ದಪ್ಪ ಮೈಯ 50 ರೋಗಿಗಳಿಗೆ 16 ವಾರ ಪಥ್ಯ ಮತ್ತು ವ್ಯಾಯಾಮ ಮಾಡಿಸಿದಾಗಲೂ ಇಳಿಯಿತು. ಅದಕ್ಕೇ ಈಗ ಕ್ರಮ ಹೀಗೆ: ಮೊದಲು ಎಂಡೋಸ್ಕೋಪಿ. ಉಬ್ಬಿದ ನಾಳಗಳಿದ್ದರೆ ಅವಕ್ಕೆ ಬ್ಯಾಂಡ್ ಹಾಕಿಸುವುದೋ, ಪ್ರೊಪ್ರನಲಾಲ್ ಅಥವಾ ಕಾರ್ವಿಡಿಲಾಲ್ ಗುಳಿಗೆ ಶುರು ಮಾಡುವುದೋ ಡಾಕ್ಟರು ನೋಡುತ್ತಾರೆ. ಹೊಟ್ಟೆಯಲ್ಲಿ ನೀರು ಬಿಗಿದಿದ್ದರೆ ತೆಗೆಸಬೇಕು. ಆಮೇಲೆ ವ್ಯಾಯಾಮ. ಈ ಗುಳಿಗೆ ನುಂಗುವವರ ನಾಡಿ ಎಷ್ಟು ಶ್ರಮಪಟ್ಟರೂ ಓಡುವುದಿಲ್ಲ, ಹಾಗಾಗಿ ನಾಡಿ ಎಣಿಸಿ ಪ್ರಯೋಜನವಿಲ್ಲ, ಕೈಗಡಿಯಾರದ ಅಂಕಿಯೂ ಬೇಡ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು.

ಈಗ ಆ ಕಾಯುವ ಕಾಲದ ಮಾತು. ಭಾರತದಲ್ಲಿ ಗೆದ್ದ ಮೊದಲ ಲಿವರ್ ಕಸಿ 1998ರಲ್ಲಿ ದೆಹಲಿಯಲ್ಲಿ ಆಯಿತು, ಒಂದು ಎಳೆಯ ಮಗುವಿಗೆ, ಅದರ ತಂದೆ ಕೊಟ್ಟ ಲಿವರಿನ ತುಂಡಿನಿಂದ. ಈಗ ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಆಗುತ್ತವೆ. ಇವುಗಳಲ್ಲಿ ಬಹುಪಾಲು ಇವತ್ತಿಗೂ ಮನೆಯವರೇ ಕೊಟ್ಟ ಲಿವರ್. ಮಿದುಳು ಸತ್ತವರಿಂದ ಬರುವುದು ಕಡಿಮೆ. ಅದಕ್ಕಾಗಿ ಹೆಸರು ಬರೆಸಿ ಕಾಯಬೇಕು. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ, ಮಹಾರಾಷ್ಟ್ರದ ಈ ಕಡೆಗೆ ಪುಣೆಯ ವಲಯ ಸಮಿತಿ. ಗಡಿಯವರಾದ ನಮಗೆ ಒಂದು ಸಮಾಧಾನ: ಇದೇ ರಾಜ್ಯದ ವಾಸದ ದಾಖಲೆ ಇರಬೇಕು ಎಂಬ ಷರತ್ತನ್ನೂ 65 ವರ್ಷದ ವಯೋಮಿತಿಯನ್ನೂ ಕೈಬಿಡಲು ಕೇಂದ್ರ ಸರಕಾರ 2023ರಲ್ಲಿ ತೀರ್ಮಾನಿಸಿತು. ನೀರಿನ ಜಗಳ ಬಂದಾಗ ಮಾತ್ರ ಎರಡೂ ರಾಜ್ಯಗಳಿಗೆ ನೆನಪಾಗುವ ತಾಲೂಕಿನವರು ನೀವು, ಇದನ್ನು ತಿಳಿದಿರುವುದು ಒಳ್ಳೆಯದು.

ಮನೆಯವರೇ ಕೊಡುವ ಕಸಿಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಜತ್ತದಿಂದ ಮಿರಜಿಗೋ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ, ಅಲ್ಲಿಂದ ಪುಣೆಗೋ ಬೆಂಗಳೂರಿಗೋ ಚೀಟಿ ಬರೆಸಿಕೊಂಡು, ಯಾರ ರಕ್ತದ ಗುಂಪು ಹೊಂದುತ್ತದೆ ಎಂದು ನೋಡಿ, ಅವರ ತಪಾಸಣೆಯಾಗಿ, ಕಾನೂನಿನ ಸಮಿತಿಯ ಒಪ್ಪಿಗೆ ಬಂದು, ಇದರ ನಡುವೆ ಹಣ. ಖಾಸಗಿ ಆಸ್ಪತ್ರೆಯಲ್ಲಿ 20 ಲಕ್ಷದ ಆಸುಪಾಸಿನಿಂದ ಮಾತು ಶುರುವಾಗುತ್ತದೆ. ಹೊಲ ಬರೆದುಕೊಡುತ್ತಾರೆ, ಟಗರು-ಕುರಿ ಸಂತೆಗೆ ಹೋಗುತ್ತವೆ, ಟ್ರಸ್ಟುಗಳಿಗೆ ಅರ್ಜಿ, ಮುಖ್ಯಮಂತ್ರಿ ನಿಧಿಗೆ ಅರ್ಜಿ. ಮನೆಯ ಗಂಡಸರೆಲ್ಲ ಹಣದ ಹಿಂದೆ ಓಡುವಾಗ ರೋಗಿ ಮನೆಯಲ್ಲಿ ಕರಗುತ್ತಿರುತ್ತಾನೆ. ಹಣ ಕೂಡುವ ಹೊತ್ತಿಗೆ ಮೈ ಖಾಲಿ. ಇಂಥವರನ್ನು ನೋಡಿದಾಗ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ, ಅವರ ಮೇಲಲ್ಲ, ಮೊದಲ ದಿನವೇ ಇದನ್ನು ಅವರಿಗೆ ಹೇಳದ ನಮ್ಮ ವ್ಯವಸ್ಥೆಯ ಮೇಲೆ. ಈ ಸಾಂಗ್ಲಿ ಜಿಲ್ಲೆ ಕುಸ್ತಿಯ ಜಿಲ್ಲೆ. ಜಾತ್ರೆಯ ಕಣಕ್ಕೆ ಹೆಸರು ಕೊಟ್ಟ ಪೈಲ್ವಾನ ಮೂರು ತಿಂಗಳು ಹಾಸಿಗೆಯಲ್ಲಿದ್ದು ನೇರ ಮಣ್ಣಿಗಿಳಿಯುವುದಿಲ್ಲ. ತಾಲೀಮಿಗೆ ಹೋಗುತ್ತಾನೆ, ಹಾಲು-ತುಪ್ಪ ಉಣ್ಣುತ್ತಾನೆ. ಹಲವು ತಾಸು ನಡೆಯುವ ಆಪರೇಶನ್, ಆಮೇಲೆ ಐಸಿಯು, ಉಸಿರಿನ ಯಂತ್ರ, ಹೊಟ್ಟೆಯ ಉದ್ದಗಲಕ್ಕೆ ಹೊಲಿಗೆ. ಇದಕ್ಕೆ ತಾಲೀಮು ಬೇಡವೇ?

ಏನು ಮಾಡಬೇಕು? ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ನಡಿಗೆಯಿಂದ ಶುರು. ಹತ್ತು ನಿಮಿಷ ಆದರೆ ಹತ್ತು, ಐದು ಆದರೆ ಐದು, ದಿನಕ್ಕೆ ಎರಡು ಮೂರು ಸಲ. ವಾರಕ್ಕೆ ಒಟ್ಟು 150 ನಿಮಿಷ ಮುಟ್ಟುವುದು ಗುರಿ, ಮುಟ್ಟದಿದ್ದರೆ ಅಪರಾಧವೇನಲ್ಲ. ಈ ಕಡೆಯ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಮುಗಿಸಬೇಕು. ನೀರುಮಾತ್ರೆ ನುಂಗುವವರಿಗೆ ಬಿಸಿಲಿನಲ್ಲಿ ಬೆವರು ಹರಿದರೆ ರಕ್ತದ ಒತ್ತಡ ಕುಸಿಯುತ್ತದೆ, ಕಿಡ್ನಿಗೂ ಪೆಟ್ಟು. ಖಾಲಿ ಹೊಟ್ಟೆಯಲ್ಲಿ ಹೊರಡಬಾರದು.

ನಡಿಗೆ ಒಂದರಿಂದಲೇ ಸ್ನಾಯು ಕಟ್ಟುವುದಿಲ್ಲ. ಜೀವಮಾನವೆಲ್ಲ ಕುರಿ ಹಿಂದೆ ನಡೆದವರಿಗೂ ಇದು ಅನ್ವಯಿಸುತ್ತದೆ. ವಾರಕ್ಕೆ ಎರಡು ಮೂರು ದಿನ ಬಲದ ವ್ಯಾಯಾಮ ಬೇಕು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನ ಕೂರುವುದು, ಎಂಟು ಹತ್ತು ಸಲ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಅಂಗೈ ಇಟ್ಟು ಬಾಗಿ ತಳ್ಳುವುದು. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚುವುದು. ಎಷ್ಟನೆಯದು ಎಂದು ಗಟ್ಟಿಯಾಗಿ ಎಣಿಸುತ್ತಾ ಮಾಡಿ; ಎಣಿಸುತ್ತಿದ್ದರೆ ಉಸಿರು ಬಿಗಿಹಿಡಿಯಲು ಆಗುವುದಿಲ್ಲ, ಉಸಿರು ಬಿಗಿಹಿಡಿದರೇ ಹೊಟ್ಟೆಯೊಳಗಿನ ಒತ್ತಡ ಏರುವುದು. ಇದೇ ಕಾರಣಕ್ಕೆ ಜೋಳದ ಚೀಲ ಎತ್ತುವುದು ಬೇಡ, ತುಂಬಿದ ಕೊಡ ಬೇಡ, ಹೊಟ್ಟೆಯ ಕಸರತ್ತು ಬೇಡ. ಟಿವಿ ನೋಡಿ ಕಪಾಲಭಾತಿ ಮಾಡುವವರು ಬಹಳ ಜನ ಇದ್ದಾರೆ. ಹೊಟ್ಟೆಯಲ್ಲಿ ನೀರು, ಹೊಕ್ಕುಳಲ್ಲಿ ಹರ್ನಿಯಾ, ಅನ್ನನಾಳದಲ್ಲಿ ಉಬ್ಬಿದ ನಾಳ ಇಟ್ಟುಕೊಂಡು ಹೊಟ್ಟೆಯನ್ನು ಜಾಡಿಸುವುದು ಯೋಗವಲ್ಲ, ಪ್ರಯೋಗ. ಮೂರು ಚೆಂಡಿನ ಉಸಿರಿನ ಆಟಿಕೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಈಗಲೇ ಅಭ್ಯಾಸ ಮಾಡಿಟ್ಟುಕೊಂಡರೆ ಆಪರೇಶನ್ ಆದ ಮೇಲೆ ಹೊಲಿಗೆಯ ನೋವಿನಲ್ಲಿ ಹೊಸದಾಗಿ ಕಲಿಯುವ ಕಷ್ಟ ತಪ್ಪುತ್ತದೆ.

ಊಟವಿಲ್ಲದೆ ಈ ತಾಲೀಮು ಮಾಡಿಸಿದರೆ ಅದು ಹಿಂಸೆ. ಇಲ್ಲಿ ನಾನು ನಮ್ಮ ಪಥ್ಯದ ಜೊತೆ ಜಗಳ ತೆಗೆಯಬೇಕು. ಕಾಮಣಿ ಎಂದರೆ ಮೊದಲು ಕೈಗೆ ಬರೆ ಸುಡಿಸುವುದು, ಆಮೇಲೆ ಬೇಳೆ ಬಿಡು, ಹಾಲು ಬಿಡು, ಮೊಟ್ಟೆ ಬಿಡು, ಗಂಜಿ ಕುಡಿ. ಆಸ್ಪತ್ರೆಗಳೂ ಒಂದು ಕಾಲದಲ್ಲಿ ಮಂಪರು ಬಂದವರಿಗೆ ಪ್ರೋಟೀನ್ ನಿಲ್ಲಿಸುತ್ತಿದ್ದವು. 2004ರಲ್ಲಿ ಬಾರ್ಸಿಲೋನಾದಲ್ಲಿ ಪರೀಕ್ಷಿಸಿ ನೋಡಿದಾಗ, ಪ್ರೋಟೀನ್ ಕಡಿಮೆ ಕೊಟ್ಟದ್ದರಿಂದ ಮಂಪರು ಬೇಗ ಹೋಗಲಿಲ್ಲ, ಸ್ನಾಯು ಮಾತ್ರ ಹೆಚ್ಚು ಒಡೆಯಿತು. ಈಗ ಯುರೋಪಿನ ಲಿವರ್ ತಜ್ಞರ ಸಂಘ ಹೇಳುವುದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕೆಜಿಯವರಿಗೆ 72ರಿಂದ 90 ಗ್ರಾಂ. ಹೆಚ್ಚಾಯಿತೆನಿಸುತ್ತದೆ, ಆದರೆ ನಮ್ಮ ಅಡಿಗೆಮನೆಗೆ ಆಗದ್ದಲ್ಲ. ನಾಲ್ಕು ಬಿಳಿಜೋಳದ ರೊಟ್ಟಿಯಲ್ಲೇ ಸುಮಾರು 20 ಗ್ರಾಂ ಇದೆ. ಒಂದು ದೊಡ್ಡ ಬಟ್ಟಲು ಮಡಕಿಕಾಳಿನ ಉಸುಳಿ, ಅರ್ಧ ಲೀಟರ್ ಹಾಲು-ಮೊಸರು, ಒಂದು ಹಿಡಿ ಉಪ್ಪಿಲ್ಲದ ಶೇಂಗಾ, ತಿನ್ನುವವರಿಗೆ ಎರಡು ಮೊಟ್ಟೆ, ತಿನ್ನದವರಿಗೆ ಝುಣಕ. ಅಲ್ಲಿಗೆ 70ರ ಹತ್ತಿರ ಬಂದಿರಿ. ಕಾಳು ಮತ್ತು ಹಾಲಿನ ಪ್ರೋಟೀನು ಲಿವರ್ ರೋಗಿಗಳಿಗೆ ಚೆನ್ನಾಗಿ ಹಿಡಿಸುತ್ತದೆ, ಆ ಮಟ್ಟಿಗೆ ನಮ್ಮ ಊಟ ಭಾಗ್ಯದ್ದು. ಕೆಡಿಸುವುದು ಉಪ್ಪು. ಹೊಟ್ಟೆಯಲ್ಲಿ ನೀರಿದ್ದವರಿಗೆ ದಿನಕ್ಕೆ 5 ಗ್ರಾಂ, ಒಂದು ಚಹಾ ಚಮಚದಷ್ಟು ಉಪ್ಪು ಮಿತಿ; ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಫರಸಾಣ ಇವು ಒಂದೇ ಸಲಕ್ಕೆ ಅದನ್ನು ಮುಗಿಸಿಬಿಡುತ್ತವೆ.

ಇನ್ನು ರಾತ್ರಿಯ ತಿಂಡಿ. ಒಂದು ರಾತ್ರಿ ಎರಡು ಮೂರು ದಿನದ ಉಪವಾಸವಾಗುತ್ತದೆ ಎಂದೆನಲ್ಲ, ಅದಕ್ಕೆ ಮದ್ದು ಇದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧ ಜನಕ್ಕೆ ಹಗಲು, ಅರ್ಧ ಜನಕ್ಕೆ ರಾತ್ರಿ ಮಲಗುವ ಮುನ್ನ ಒಂದೇ ಪ್ರಮಾಣದ ಪುಷ್ಟಿ ಆಹಾರ ಕೊಟ್ಟು ಒಂದು ವರ್ಷ ನೋಡಿದರು. 2008ರಲ್ಲಿ ಬಂದ ಫಲಿತಾಂಶ: ರಾತ್ರಿ ತಿಂದವರ ಮೈಯಲ್ಲಿ ಸುಮಾರು ಎರಡು ಕೆಜಿಯಷ್ಟು ಸ್ನಾಯುವಿನಂಥ ಅಂಶ ಸೇರಿತ್ತು, ಹಗಲು ತಿಂದವರಲ್ಲಿ ಇಲ್ಲ. ಅದೇ ತಿನಿಸು, ಬೇರೆ ಹೊತ್ತು. ಹತ್ತು ಗಂಟೆಗೆ ಒಂದು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕೊಡಿ, ಅಥವಾ ಶೇಂಗಾ ಉಂಡಿ ಮತ್ತು ಹಾಲು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ಬದಲು ಕಾಳು. ಬೆಳಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು. ಸೋಮವಾರ, ಏಕಾದಶಿ, ಹರಕೆಯ ಒಪ್ಪತ್ತು, ಇವನ್ನು ಮನೆಯ ಬೇರೆ ಯಾರಾದರೂ ರೋಗಿಯ ಹೆಸರಿನಲ್ಲಿ ಮಾಡಲಿ. ದಾನಮ್ಮ ತಾಯಿ ಅನ್ನ ನೀಡುವ ದೇವಿ, ಉಣ್ಣಲಿಲ್ಲವೆಂದು ಸಿಟ್ಟಾದಾಳು, ಉಂಡನೆಂದು ಸಿಟ್ಟಾಗಳು.

ಕೊಡುವವರ ಮಾತನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ದೇಶದಲ್ಲಿ ಲಿವರ್ ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು, ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು: ಹೆಂಡತಿ, ತಾಯಿ, ಮಗಳು. ಯಾಕೆ ಹೀಗೆ ಎಂಬುದನ್ನು ಗಂಡಸರು ಮನೆಗೆ ಹೋಗಿ ಯೋಚಿಸಲಿ. ಆ ಹೆಂಗಸಿನ ಲಿವರಿನ ಅರ್ಧಕ್ಕಿಂತ ಹೆಚ್ಚನ್ನೂ ತೆಗೆಯುವುದುಂಟು. ಉಳಿದದ್ದು ಕೆಲವು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಆದರೆ ಅವಳ ಲಿವರಿನಲ್ಲಿ ಕೊಬ್ಬು ತುಂಬಿದ್ದರೆ ದಾನಿಯಾಗಲು ಆಗದು ಎನ್ನುತ್ತಾರೆ, ಮನೆಯವರು ಕಂಗಾಲಾಗುತ್ತಾರೆ. ಎಷ್ಟೋ ಸಲ ಅದು ಕೊನೆಯ ಮಾತಲ್ಲ. ಕೆಲವು ವಾರ ಮಿತವಾದ ಊಟ, ದಿನಾ ಬಿರುಸಿನ ನಡಿಗೆ ಇದ್ದರೆ ಲಿವರಿನ ಕೊಬ್ಬು ಇಳಿದು, ತಿರಸ್ಕೃತರಾದ ದಾನಿಗಳು ಮತ್ತೆ ಯೋಗ್ಯರಾದ ವರದಿಗಳು ಜಪಾನಿನಿಂದಲೂ ನಮ್ಮ ದೇಶದಿಂದಲೂ ಬಂದಿವೆ. ಹಾಗಾಗಿ ತಾಲೀಮು ಇಬ್ಬರಿಗೂ. ಗಂಡ-ಹೆಂಡತಿ ಒಟ್ಟಿಗೆ ನಡೆಯಲು ಹೊರಟರೆ ಓಣಿಯವರು ನಗುತ್ತಾರೆ ಎಂದು ಒಬ್ಬಾಕೆ ನನ್ನ ಹತ್ತಿರ ನಾಚಿಕೊಂಡಿದ್ದರು. ನಗಲಿ. ಇನ್ನೊಂದು ಲೆಕ್ಕವನ್ನೂ ಗಮನದಲ್ಲಿಡಿ: ಅವನಿಗೆ ರಾತ್ರಿ ಹತ್ತಕ್ಕೆ ಹಾಲು-ರೊಟ್ಟಿ ಕೊಡುವವಳೂ, ಬೆಳಗ್ಗೆ ನಡೆಸುವವಳೂ, ತಾನೇ ಆಪರೇಶನ್ನಿಗೆ ಸಿದ್ಧವಾಗಬೇಕಾದವಳೂ ಒಬ್ಬಳೇ ಆಗಿದ್ದರೆ ಆ ಮನೆಗೆ ಮೂರನೆಯವರೊಬ್ಬರು ಬೇಕು. ಅತ್ತಿಗೆಯೋ ನಾದಿನಿಯೋ ಪಕ್ಕದ ಮನೆಯವರೋ, ಯಾರಾದರೂ ಸರಿ, ಈಗಲೇ ಗೊತ್ತುಮಾಡಿಕೊಳ್ಳಿ.

ಕೊನೆಗೆ, ಯಾವಾಗ ನಿಲ್ಲಿಸಬೇಕು ಎಂಬುದು. ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಹೊಟ್ಟೆ ನೋವಿನಿಂದ ಬಿಗಿದರೆ, ಮಾತು ತಡವರಿಸಿ ಇದ್ದ ಜಾಗ, ವಾರದ ಹೆಸರು ಮರೆತರೆ, ಕೈ ಮುಂದೆ ಚಾಚಿದಾಗ ಮಣಿಕಟ್ಟು ಪಟಪಟನೆ ಬಡಿದರೆ ಆ ದಿನ ವ್ಯಾಯಾಮವಿಲ್ಲ, ನೇರ ಆಸ್ಪತ್ರೆ. ತಲೆ ಸುತ್ತಿದರೆ, ಎದೆ ಹಿಡಿದರೆ ಅಲ್ಲೇ ಕೂತುಬಿಡಿ. ಬರೀ ಆಯಾಸವಾದರೆ ನಿಲ್ಲಿಸಬೇಡಿ, ಅರ್ಧ ಮಾಡಿ. ಮಂಪರಿನಿಂದ ಆಗಷ್ಟೇ ಚೇತರಿಸಿಕೊಂಡವರನ್ನು ಒಬ್ಬರನ್ನೇ ನಡೆಯಲು ಬಿಡಬೇಡಿ. ಬಿದ್ದರೆ ಎಲುಬು ಮುರಿಯುತ್ತದೆ, ಪ್ಲೇಟ್ಲೆಟ್ ಕಡಿಮೆ ಇರುವ ಮೈ, ರಕ್ತ ಬೇಗ ನಿಲ್ಲುವುದಿಲ್ಲ. ನಿಮ್ಮ ಡಾಕ್ಟರ ಹತ್ತಿರ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಎಂಡೋಸ್ಕೋಪಿಯಲ್ಲಿ ಏನು ಕಂಡಿತು, ಎಷ್ಟು ಭಾರ ಎತ್ತಬಹುದು, ಫಿಜಿಯೋಥೆರಪಿಯವರನ್ನು ಆಪರೇಶನ್ನಿಗೆ ಮುಂಚೆಯೇ ಕಾಣಬಹುದೇ. ಮೂರನೆಯ ಪ್ರಶ್ನೆಗೆ ಕೆಲವು ಕಡೆ ಹುಬ್ಬು ಮೇಲೇರುತ್ತದೆ, ಆದರೂ ಕೇಳಿ.

ಮುಂದಿನ ಸಾಲಿನ ಅವ್ವ ಆಗಿನಿಂದ ಏನೋ ಕೇಳಬೇಕೆಂದು ಕೈ ಎತ್ತುತ್ತಿದ್ದಾರೆ. ಮೈಕು ಅವರಿಗೆ ಕೊಡಿ.